ಬೆಳಕೂ ವಿದ್ಯುತ್ತೂ ಒಂದೇ ಬಿಲ್ಲೆಯಲ್ಲಿ

ವಾಲ್ವಿನ ಪೆಟ್ಟಿಗೆಗಳು ಮನೆಮನೆಗೂ ಬರುವುದಕ್ಕೆ ಮುಂಚೆ, ಬಾನುಲಿ ಕೇಳಬೇಕೆಂದವರು ಒಂದು ಹರಳನ್ನು ಇಟ್ಟುಕೊಂಡಿರುತ್ತಿದ್ದರು. ಆ ಹರಳಿನ ಮೈಮೇಲೆ ಕೂದಲಿನಂಥ ತಂತಿಯ ಮೊನೆಯನ್ನು ಅಲ್ಲಿಷ್ಟು ಇಲ್ಲಿಷ್ಟು ಊರಿ ನೋಡುವುದು, ಯಾವುದೋ ಒಂದು ತಾಣದಲ್ಲಿ ಕಿವಿಯ ಹೆಡ್‌ಫೋನಿನಲ್ಲಿ ದನಿ ಮೂಡಿದರೆ ಉಸಿರು ಬಿಗಿಹಿಡಿದು ಕೇಳುವುದು, ಇದು ಅಂದಿನ ಶ್ರೋತೃಗಳ ಪಾಡು. ಆ ತಂತಿಗೆ ಇಂಗ್ಲಿಷರು ಇಟ್ಟಿದ್ದ ಹೆಸರು ಬೆಕ್ಕಿನ ಮೀಸೆ. ನಾನೀಗ ಹೇಳಹೊರಟಿರುವ ಕಥೆ ಆ ಮೀಸೆಯ ತುದಿಯಿಂದಲೇ ಮೊದಲಾಗುತ್ತದೆ. 1907ರಲ್ಲಿ ಮಾರ್ಕೋನಿಯವರ ಬಳಿ ಕೆಲಸಕ್ಕಿದ್ದ ಹೆನ್ರಿ ರೌಂಡ್ ಎಂಬ ಎಂಜಿನಿಯರು ಕಾರ್ಬೊರಂಡಮ್ ಹರಳಿಗೆ, ಎಂದರೆ ಸಾಣೆ ಹಿಡಿಯಲು ಬಳಸುವ ಆ ಗಡುಸು ಪದಾರ್ಥಕ್ಕೆ, 10 ವೋಲ್ಟಿನಷ್ಟು ವಿದ್ಯುತ್ತನ್ನು ಕೊಟ್ಟು ಪರೀಕ್ಷಿಸುತ್ತಿದ್ದಾಗ ಅದರಲ್ಲಿ ಹಳದಿಯ ಬೆಳಕು ಮಿನುಗಿತು. ಇದೇನೋ ವಿಚಿತ್ರವೆಂದು ಅವರು ಪತ್ರಿಕೆಯೊಂದಕ್ಕೆ ನಾಲ್ಕು ಸಾಲು ಬರೆದು ತಮ್ಮ ಕೆಲಸಕ್ಕೆ ಮರಳಿದರು.

ಬಿಡದೆ ಆ ಮಿನುಗಿನ ಬೆನ್ನು ಹತ್ತಿದವರು ರಷ್ಯದ ಓಲೆಗ್ ಲೋಸೆವ್. 1903ರಲ್ಲಿ ಹುಟ್ಟಿದ ಈ ತರುಣರು ನಿಜ್ನಿ ನೊವ್ಗೊರೊದ್ ಎಂಬ ಊರಿನ ರೇಡಿಯೋ ಪ್ರಯೋಗಶಾಲೆಯಲ್ಲಿ ಕೆಳಗಿನ ದರ್ಜೆಯ ಕೆಲಸದಲ್ಲಿದ್ದವರು. ಕ್ರಮವಾದ ಉನ್ನತ ವಿದ್ಯಾಭ್ಯಾಸವನ್ನು ಪೂರೈಸಿದವರಲ್ಲ. ಹರಳು ಕಾದು ಕೆಂಪಗಾಗಿ ಬೆಳಗುತ್ತಿದೆಯೋ, ಕಾಯದೆಯೇ ಬೆಳಗುತ್ತಿದೆಯೋ ಎಂಬುದು ಅವರ ಪ್ರಶ್ನೆ. ಬೇಗನೆ ಆರಿಹೋಗುವ ದ್ರವವೊಂದನ್ನು ಬೆಳಗುತ್ತಿರುವ ಜಾಗದ ಮೇಲೆ ಹಾಕಿ ನೋಡಿದರು. ಅದು ಎಂದಿನ ನಿಧಾನದಲ್ಲೇ ಆರಿತು. ಅಂದಮೇಲೆ ಇದು ಕಾವಿನಿಂದ ಹುಟ್ಟಿದ ಬೆಳಕಲ್ಲ. ವಿದ್ಯುತ್ತು ನೇರವಾಗಿ ಬೆಳಕಾಗಿ ಮಾರ್ಪಟ್ಟಿದೆ. ಎಷ್ಟು ಸರಳವಾದ ಪರೀಕ್ಷೆ, ನೋಡಿ! ಇಂಥ ಹರಳಿನ ಬೆಳಕನ್ನು ತಂತಿ ವಾರ್ತೆಗೂ ದೂರವಾಣಿಗೂ ಬಳಸಬಹುದೆಂದು ಅವರು 1927ರಲ್ಲಿಯೇ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರು. ಮುಂದೆ ಲೆನಿನ್‌ಗ್ರಾಡಿಗೆ ಜರ್ಮನಿಯ ಸೈನ್ಯ ಮುತ್ತಿಗೆ ಹಾಕಿದಾಗ, 1942ರಲ್ಲಿ, ಆ ನಗರದಲ್ಲಿ ಅನ್ನವಿಲ್ಲದೆ ತೀರಿಹೋದ ಲಕ್ಷಾಂತರ ಜನರಲ್ಲಿ ಲೋಸೆವರೂ ಒಬ್ಬರು. ಆಗ ಅವರಿಗೆ 38 ವರ್ಷ. ನಗರದ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅಲ್ಲಿಗೆ ಇನ್ನೊಮ್ಮೆ ಹೋಗಬೇಕಾಗುತ್ತದೆ.

ಇಲ್ಲಿ ಒಂದೆರಡು ಮಾತು ಶಬ್ದಗಳ ವಿಷಯದಲ್ಲಿ. ಕನ್ನಡದ ಮೇಷ್ಟರಿಗೆ ಅದು ಹುಟ್ಟುಗುಣ, ಕ್ಷಮಿಸಬೇಕು. ವಿದ್ಯುತ್ ಎಂಬ ಪದದೊಳಗೆ ಕುಳಿತಿರುವುದು 'ದ್ಯುತ್' ಎಂಬ ಧಾತು. ಹೊಳೆ, ಬೆಳಗು ಎಂದು ಅದರ ಅರ್ಥ. ದ್ಯುತಿ ಎಂದರೆ ಬೆಳಕು. ಹೀಗೆ ಶಬ್ದದ ಮಟ್ಟಿಗೆ ವಿದ್ಯುತ್ತೂ ಬೆಳಕೂ ಒಂದೇ ಬಸಿರಿನ ಮಕ್ಕಳು. ಇಷ್ಟರಿಂದಲೇ ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಎದೆಯುಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಅವರು ಕಂಡದ್ದು ಮುಗಿಲಿನ ಮಿಂಚನ್ನು, ಹೆಸರಿಟ್ಟದ್ದು ಅದಕ್ಕೆ. ಇನ್ನು 'ಚಿಪ್'. ಚಿಪ್ಪು ಎಂದರೆ ನಮ್ಮ ಹಳ್ಳಿಯ ಹುಡುಗರಿಗೆ ತೆಂಗಿನ ಚಿಪ್ಪು, ಕಪ್ಪೆಚಿಪ್ಪು ನೆನಪಾಗುತ್ತದೆ. ಉಗುರಿನಗಲದ ಚಪ್ಪಟೆಯ ತುಣುಕಿಗೆ ಬಿಲ್ಲೆ ಎಂಬ ಮಾತು ಹೊಂದುತ್ತದೆಂದು ತೋರಿ ಅದನ್ನೇ ಇಲ್ಲಿ ಬಳಸಿದ್ದೇನೆ. ಅರೆವಾಹಕವೆಂದರೆ ತಾಮ್ರದಂತೆ ಧಾರಾಳವಾಗಿ ವಿದ್ಯುತ್ತನ್ನು ಹರಿಯಗೊಡದ, ಗಾಜಿನಂತೆ ಪೂರ್ತಿ ತಡೆಯದ, ನಡುವಣ ಜಾತಿಯ ಪದಾರ್ಥ: ಜರ್ಮೇನಿಯಮ್, ಸಿಲಿಕಾನ್, ಗ್ಯಾಲಿಯಮ್ ಆರ್ಸೆನೈಡ್ ಮುಂತಾದವು. ಇಂಥ ಒಂದೇ ಬಿಲ್ಲೆಯ ಮೇಲೆ ವಿದ್ಯುತ್ತಿನ ಲೆಕ್ಕಾಚಾರವನ್ನೂ ಬೆಳಕಿನ ಸಂಚಾರವನ್ನೂ ಹೇಗೆ ಕೂಡಿಸಿದರು, ಅದಕ್ಕೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಏಕೆ ಹಿಡಿಯಿತು ಎಂಬುದೇ ಈ ಲೇಖನದ ವಸ್ತು.

ಬೆಳಕಿನ ಮೇಲೆ ಮಾತನ್ನು ಹೊರಿಸಿ ಕಳುಹಿಸುವ ಆಸೆ ಹಳೆಯದು. ದೂರವಾಣಿಯ ಗ್ರಹಾಂ ಬೆಲ್ಲರು 1880ರಲ್ಲಿ ವಾಷಿಂಗ್ಟನ್ ನಗರದಲ್ಲಿ ಒಂದು ಶಾಲೆಯ ಮಾಳಿಗೆಯಿಂದ 213 ಮೀಟರು ದೂರದ ತಮ್ಮ ಪ್ರಯೋಗಶಾಲೆಗೆ, ಕನ್ನಡಿಯಲ್ಲಿ ಹಿಡಿದ ಬಿಸಿಲಿನ ಮೂಲಕ ಮಾತನ್ನು ಮುಟ್ಟಿಸಿದ್ದರು. ದೂರವಾಣಿಗಿಂತ ಈ ಸಾಧನದ ಮೇಲೆಯೇ ಅವರಿಗೆ ಹೆಚ್ಚು ಅಭಿಮಾನವಿತ್ತಂತೆ. ಆದರೆ ಮೋಡ ಕವಿದರೆ ಮಾತು ನಿಂತಿತು. ಮಳೆ ಬಂದರಂತೂ ಕೇಳುವುದೇ ಬೇಡ. ಸೂರ್ಯನನ್ನು ನಂಬದ ದೀಪವೊಂದು ಬೇಕು, ಮಳೆಗಾಳಿಗಳು ಮುಟ್ಟದ ದಾರಿಯೊಂದು ಬೇಕು. ಈ ಎರಡೂ ಒದಗಲು ತೊಂಬತ್ತು ವರ್ಷ ಕಾಯಬೇಕಾಯಿತು.

ಅಷ್ಟರಲ್ಲಿ ವಿದ್ಯುತ್ತಿನ ಕಡೆಯ ಸಂಸಾರ ಬಹಳ ಬೆಳೆದಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ತಂತಿಯಿಂದ ಬೆಸೆಯುವ ಕಷ್ಟ ಅಸಾಧ್ಯವೆನಿಸಿದಾಗ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಗೆ ಹೊಸದಾಗಿ ಸೇರಿದ್ದ ಜ್ಯಾಕ್ ಕಿಲ್ಬಿಯವರು 1958ರ ಬೇಸಗೆಯಲ್ಲಿ ಒಂದು ಉಪಾಯ ಕಂಡರು. ಉಳಿದವರೆಲ್ಲ ರಜೆಯ ಮೇಲೆ ಹೋಗಿದ್ದರು. ಹೊಸಬರಾದ ಇವರಿಗೆ ರಜೆ ದೊರೆತಿರಲಿಲ್ಲ. ಬರಿದಾದ ಕೋಣೆಯಲ್ಲಿ ಕುಳಿತು ಯೋಚಿಸಿದ ಅವರು ಎಲ್ಲ ಅಂಗಗಳನ್ನೂ ಒಂದೇ ಹರಳಿನ ತುಂಡಿನಲ್ಲಿ ಮಾಡಬಾರದೇಕೆ ಎಂದು ಕೇಳಿಕೊಂಡು, ಸೆಪ್ಟೆಂಬರ್ 12ರಂದು ಜರ್ಮೇನಿಯಮಿನ ಬಿಲ್ಲೆಯೊಂದನ್ನು ಮೇಲಧಿಕಾರಿಗಳ ಮುಂದಿಟ್ಟರು. ಮರುವರ್ಷ ರಾಬರ್ಟ್ ನಾಯ್ಸ್ ಅವರು ಅದನ್ನೇ ಸಿಲಿಕಾನಿನಲ್ಲಿ ಇನ್ನೂ ಓರಣವಾಗಿ ಮಾಡುವ ಬಗೆಯನ್ನು ಹೇಳಿದರು. ಅಲ್ಲಿಂದ ಮುಂದೆ ಸಿಲಿಕಾನಿನದೇ ರಾಜ್ಯಭಾರ.

ದೀಪದ ಕಥೆಗೆ ಬರೋಣ. 1960ರಲ್ಲಿ ಥಿಯೋಡೋರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರನ್ನು ಹೊಮ್ಮಿಸಿದರು. ಲೇಸರೆಂದರೆ ಚದರದೆ, ಹೆಜ್ಜೆ ತಪ್ಪದೆ, ಸೈನಿಕರ ಸಾಲಿನಂತೆ ಸಾಗುವ ಬೆಳಕು. 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರಾಬರ್ಟ್ ಹಾಲ್ ಅವರು ಗ್ಯಾಲಿಯಮ್ ಆರ್ಸೆನೈಡೆಂಬ ಅರೆವಾಹಕದ ಚೂರಿನಿಂದಲೇ ಲೇಸರನ್ನು ಪಡೆದರು. ಆದರೆ ಆ ಚೂರನ್ನು ದ್ರವರೂಪದ ನೈಟ್ರೋಜನ್ನಿನಿಂದ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ತಣಿಸಿಡಬೇಕಾಗಿತ್ತು. ಅದೂ ಕ್ಷಣಕ್ಷಣದ ಮಿಡಿತಗಳಲ್ಲಿ ಮಾತ್ರ ಬೆಳಗುತ್ತಿತ್ತು. ಸಾಧಾರಣ ಕೋಣೆಯ ಬಿಸುಪಿನಲ್ಲಿ ಎಡೆಬಿಡದೆ ಬೆಳಗಬೇಕಾದರೆ ಬೇರೆ ಬೇರೆ ಅರೆವಾಹಕಗಳ ತೆಳುಪದರಗಳನ್ನು ಒಂದರ ಮೇಲೊಂದು ಬೆಳೆಸಿ, ಎಲೆಕ್ಟ್ರಾನುಗಳನ್ನು ನಡುಪದರದಲ್ಲಿ ಕೂಡಿಹಾಕಬೇಕೆಂದು 1963ರಲ್ಲಿ ಹರ್ಬರ್ಟ್ ಕ್ರೋಮರ್ ಅಮೆರಿಕದಲ್ಲಿಯೂ, ಜೋರೆಸ್ ಅಲ್ಫೆರೋವ್ ಮತ್ತು ಅವರ ಜೊತೆಗಾರರು ರಷ್ಯದಲ್ಲಿಯೂ ಬೇರೆ ಬೇರೆಯಾಗಿ ಹೇಳಿದರು. 1970ರಲ್ಲಿ ಅಲ್ಫೆರೋವರ ಗುಂಪು ಅದನ್ನು ಮಾಡಿಯೂ ತೋರಿಸಿತು. ಅದೇ ವರ್ಷ ಬೆಲ್ ಪ್ರಯೋಗಶಾಲೆಯ ಹಯಾಶಿ ಮತ್ತು ಪನೀಶರೂ ಗೆದ್ದರು. ಅಲ್ಫೆರೋವರು ಕೆಲಸ ಮಾಡಿದ ಊರು ಯಾವುದು? ಲೆನಿನ್‌ಗ್ರಾಡ್. ಲೋಸೆವರು ಹಸಿವಿನಿಂದ ಸತ್ತ ಆ ಊರಿನಲ್ಲಿ, ಇಪ್ಪತ್ತೆಂಟು ವರ್ಷಗಳ ಮೇಲೆ, ಹರಳಿನ ದೀಪ ಕೋಣೆಯ ಬಿಸುಪಿನಲ್ಲಿ ಆರದೆ ಉರಿಯಿತು.

ದಾರಿಯೂ ಅದೇ ವರ್ಷವೇ ಸಿದ್ಧವಾದುದು ಒಂದು ಯೋಗಾಯೋಗ. ಗಾಜಿನ ಎಳೆಯಲ್ಲಿ ಬೆಳಕು ಬಹುದೂರ ಹೋಗಬಲ್ಲದು, ತಡೆಯುತ್ತಿರುವುದು ಗಾಜಿನೊಳಗಿನ ಕಲ್ಮಷವೆಂದು ಚಾರ್ಲ್ಸ್ ಕಾವೊ ಇಂಗ್ಲೆಂಡಿನಲ್ಲಿ 1966ರಲ್ಲಿ ವಾದಿಸಿದ್ದರು. ಒಂದು ಕಿಲೋಮೀಟರು ನಡೆದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕೆಂಬುದು ಅವರ ಲೆಕ್ಕ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಾರ್ಖಾನೆಯವರು ಅದಕ್ಕಿಂತಲೂ ಒಳ್ಳೆಯ ಎಳೆಯನ್ನು ಎಳೆದರು. ಇಂದಿನ ಎಳೆಯಲ್ಲಿ ಒಂದು ಕಿಲೋಮೀಟರಿಗೆ ನೂರರಲ್ಲಿ ತೊಂಬತ್ತೈದು ಪಾಲು ಉಳಿದಿರುತ್ತದೆ.

ಈ ಎರಡು ಸಂಸಾರಗಳನ್ನು ಒಂದು ಮಾಡಬೇಕೆಂಬ ಮಾತು ಹುಟ್ಟಿದುದು 1969ರಲ್ಲಿ. ಬೆಲ್ ಪ್ರಯೋಗಶಾಲೆಯ ಸ್ಟೂವರ್ಟ್ ಮಿಲ್ಲರ್ ಎಂಬವರು ಆ ವರ್ಷ ಒಂದು ಪ್ರಬಂಧ ಬರೆದು, ಮಸೂರ, ಕನ್ನಡಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುವುದನ್ನು ಬಿಟ್ಟು, ಕಿಲ್ಬಿ ವಿದ್ಯುತ್ತಿಗೆ ಮಾಡಿದುದನ್ನು ಬೆಳಕಿಗೂ ಮಾಡೋಣ ಎಂದರು. ಮೇಜಿನ ಮೇಲಿನ ಕನ್ನಡಿ ಯಾರಾದರೂ ಬಾಗಿಲು ಹಾಕಿದರೂ ಅಲುಗುತ್ತದೆ. ಬಿಲ್ಲೆಯೊಳಗೆ ಕೊರೆದ ಬೆಳಕಿನ ಕಾಲುವೆ ಅಲುಗುವುದೆಲ್ಲಿ? ಕ್ಯಾಲಿಫೋರ್ನಿಯದಲ್ಲಿ ಕ್ಯಾಲ್‌ಟೆಕ್ ಎಂದು ಪ್ರಸಿದ್ಧವಾದ ವಿದ್ಯಾಸಂಸ್ಥೆಯ ಅಮ್ನಾನ್ ಯಾರಿವ್ ಇನ್ನೊಂದು ಹೆಜ್ಜೆ ಮುಂದಿಟ್ಟು, ದೀಪವನ್ನೂ ಅದನ್ನು ಆಡಿಸುವ ವಿದ್ಯುತ್ತಿನ ಅಂಗವನ್ನೂ ಒಂದೇ ಗ್ಯಾಲಿಯಮ್ ಆರ್ಸೆನೈಡಿನ ಬಿಲ್ಲೆಯ ಮೇಲೆ ಕೂಡಿಸಲು ತೊಡಗಿದರು. 1978ರಲ್ಲಿ ಅವರ ಗುಂಪು ಲೇಸರೊಂದನ್ನೂ ಗನ್ ಆಂದೋಲಕವೆಂಬ ವಿದ್ಯುತ್ ಸಾಧನವನ್ನೂ ಒಂದೇ ತಳದ ಮೇಲೆ ಕೂರಿಸಿ ನಡೆಸಿ ತೋರಿಸಿತು. ಬೆಳಕೂ ವಿದ್ಯುತ್ತೂ ಒಂದೇ ಬಿಲ್ಲೆಯಲ್ಲಿ ಒಕ್ಕಲಾದುದು ಅಂದಿನಿಂದ ಎನ್ನಬಹುದು. ಮುಂದಿನ ದಶಕದಲ್ಲಿ ಜಪಾನಿನವರೂ ಈ ಕೆಲಸದಲ್ಲಿ ಬಹಳ ದುಡಿದರು.

ಹಾಗಾದರೆ ಕಥೆ ಮುಗಿಯಿತಲ್ಲ ಎನ್ನುವಿರಿ. ಮುಗಿಯಲಿಲ್ಲ. ಆ ವೇಳೆಗೆ ಜಗತ್ತಿನ ಗಣಕಯಂತ್ರಗಳೆಲ್ಲ ಸಿಲಿಕಾನಿನಲ್ಲಿ ತಯಾರಾಗುತ್ತಿದ್ದವು. ಮರಳಿನಿಂದ ತೆಗೆಯುವ ಪದಾರ್ಥ, ಬೇಕಾದಷ್ಟು ಸಿಗುತ್ತದೆ. ಕಾಯಿಸಿದರೆ ತನ್ನ ಮೈಮೇಲೆ ತಾನೇ ಗಾಜಿನಂಥ ಕವಚ ಬೆಳೆಸಿಕೊಂಡು ಒಂದು ಅಂಗದ ವಿದ್ಯುತ್ತು ಇನ್ನೊಂದಕ್ಕೆ ಸೋರದಂತೆ ಕಾಯುತ್ತದೆ. ಗ್ಯಾಲಿಯಮ್ ಆರ್ಸೆನೈಡು ದುಬಾರಿ, ಸುಲಭವಾಗಿ ಒಡೆಯುವಂಥದು, ಅದಕ್ಕೆ ಇಂಥ ಕವಚವೂ ಇಲ್ಲ. ಎಲ್ಲ ಬಲ್ಲ ಸಿಲಿಕಾನಿಗೆ ಒಂದೇ ಒಂದು ಬಾರದು: ಬೆಳಗುವುದು.

ಏಕೆ ಬಾರದು? ಅಟ್ಟವಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಎಲೆಕ್ಟ್ರಾನು ಅಟ್ಟದ ಮೇಲಿದೆ. ಕೆಳಗೆ ಅದಕ್ಕೆಂದೇ ಬರಿದಾದ ಒಂದು ಜಾಗವಿದೆ. ಮೇಲಿನಿಂದ ಕೆಳಕ್ಕೆ ಬೀಳುವಾಗ ಕಳೆದುಕೊಳ್ಳುವ ಶಕ್ತಿಯೇ ಬೆಳಕಾಗಿ ಹೊರಡಬೇಕು. ಗ್ಯಾಲಿಯಮ್ ಆರ್ಸೆನೈಡಿನಲ್ಲಿ ಆ ಬರಿಯ ಜಾಗ ಅಟ್ಟದ ಕಿಂಡಿಯ ನೇರ ಕೆಳಗಿದೆ. ಎಲೆಕ್ಟ್ರಾನು ಧುಮುಕುತ್ತದೆ, ಬೆಳಕು ಮಿಂಚುತ್ತದೆ. ಸಿಲಿಕಾನಿನಲ್ಲಿ ಆ ಜಾಗ ಮನೆಯ ಇನ್ನೊಂದು ಮೂಲೆಯಲ್ಲಿದೆ. ಯಾರಾದರೂ ಪಕ್ಕಕ್ಕೆ ತಳ್ಳದ ಹೊರತು ಎಲೆಕ್ಟ್ರಾನು ಅಲ್ಲಿಗೆ ಬೀಳಲಾರದು. ತಳ್ಳಬೇಕಾದುದು ಹರಳಿನೊಳಗಿನ ಪರಮಾಣುಗಳ ಕಂಪನ. ಆ ತಳ್ಳು ಹದವಾಗಿ ಒದಗುವುದು ಅಪರೂಪ. ಅದು ಒದಗುವ ಮೊದಲೇ ಎಲೆಕ್ಟ್ರಾನು ಬೇರೆ ಯಾವುದೋ ದೋಷದ ಮೆಟ್ಟಿಲಲ್ಲಿ ಜಾರಿ, ಇದ್ದ ಶಕ್ತಿಯನ್ನು ಕಾವಾಗಿ ಕಳೆದುಬಿಡುತ್ತದೆ. ಹೀಗಾಗಿ ಸಿಲಿಕಾನು ಬಿಸಿಯಾಗುತ್ತದೆಯೇ ಹೊರತು ಬೆಳಗುವುದಿಲ್ಲ.

ಬೆಳಗುವ ಹರಳನ್ನು ಸಿಲಿಕಾನಿನ ಮೇಲೆ ಬೆಳೆಸಿದರಾಯಿತಲ್ಲವೇ ಎಂಬ ಪ್ರಶ್ನೆ ಸಹಜ. ಅಡ್ಡ ಬಂದದ್ದು ಛಂದಸ್ಸು! ಹರಳಿನಲ್ಲಿ ಪರಮಾಣುಗಳು ಗಣವಿಭಾಗ ಮಾಡಿದಂತೆ ಸಮವಾದ ಅಂತರದಲ್ಲಿ ನಿಂತಿರುತ್ತವೆ. ಸಿಲಿಕಾನಿನ ಗಣ ಚಿಕ್ಕದು, ಗ್ಯಾಲಿಯಮ್ ಆರ್ಸೆನೈಡಿನದು ನೂರಕ್ಕೆ ನಾಲ್ಕರಷ್ಟು ದೊಡ್ಡದು. ಕೆಳಗಿನ ಸಾಲಿನಲ್ಲಿ 25 ಗಣ ಆಗುವಷ್ಟರಲ್ಲಿ ಮೇಲಿನ ಸಾಲಿನಲ್ಲಿ 24 ಮಾತ್ರ ಹಿಡಿಸುತ್ತವೆ. ಒಂದು ಗಣ ಎಲ್ಲಿಯೂ ಅಂಟದೆ ಜೋತುಬೀಳುತ್ತದೆ; ಅಲ್ಲಿಂದ ಬಿರುಕು ಮೇಲಕ್ಕೆ ಹಬ್ಬುತ್ತದೆ. ಸಾಲದ್ದಕ್ಕೆ, ಕಾಯಿಸಿದರೆ ಗ್ಯಾಲಿಯಮ್ ಆರ್ಸೆನೈಡು ಸಿಲಿಕಾನಿಗಿಂತ ಎರಡು ಪಾಲಿಗೂ ಮಿಕ್ಕು ಹಿಗ್ಗುತ್ತದೆ. ಆರುವಾಗ ಎರಡೂ ಬೇರೆ ಬೇರೆ ಕುಗ್ಗಿ ಪದರವೇ ಸೀಳುತ್ತದೆ. ಕಾರ್ಖಾನೆಯವರು ಬಹಳ ಕಾಲ ಬೆಳಕಿನ ಬಿಲ್ಲೆ ಬೇರೆ, ವಿದ್ಯುತ್ತಿನ ಬಿಲ್ಲೆ ಬೇರೆ ಮಾಡಿ ನಡುವೆ ತಂತಿ ಹಾಕಿಕೊಂಡಿದ್ದುದು ಹಟದಿಂದಲ್ಲ, ನಿರುಪಾಯದಿಂದ.

ಇಲ್ಲಿಂದ ಮುಂದಕ್ಕೆ ದಾರಿ ತೋರಿಸಿದವರಲ್ಲಿ ರಿಚರ್ಡ್ ಸೋರೆಫ್ ಮುಖ್ಯರು. ಅಮೆರಿಕದ ವಾಯುಸೇನೆಯ ಪ್ರಯೋಗಶಾಲೆಯಲ್ಲಿದ್ದ ಅವರು 1980ರ ದಶಕದ ನಡುವಿನಲ್ಲಿ ಸಮಸ್ಯೆಯನ್ನು ತಿರುಗಿಸಿ ಹಿಡಿದರು. ಸಿಲಿಕಾನು ಬೆಳಕನ್ನು ಹುಟ್ಟಿಸದಿದ್ದರೆ ಹೋಗಲಿ. ಹುಟ್ಟಿದ ಬೆಳಕನ್ನು ಸಾಗಿಸಬಲ್ಲದಷ್ಟೆ? ನಮ್ಮ ಕಣ್ಣಿಗೆ ಸಿಲಿಕಾನು ಕಪ್ಪನೆಯ ಕನ್ನಡಿಯಂತೆ ಕಾಣುತ್ತದೆ, ನಿಜ. ಆದರೆ ಗಾಜಿನ ಎಳೆಯಲ್ಲಿ ಓಡಾಡುವ ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕಿಗೆ ಅದು ತಿಳಿನೀರಿನಂತೆ ಪಾರದರ್ಶಕ. ಸುತ್ತ ಗಾಜಿನ ಕವಚವಿಟ್ಟು ಸಿಲಿಕಾನಿನ ಸಣ್ಣ ಏರಿಯೊಂದನ್ನು ಕಡೆದರೆ ಬೆಳಕು ಅದರೊಳಗೇ ಹರಿಯುತ್ತದೆ. ಏರಿಯ ಅಗಲ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಹಠಾತ್ತನೆ ತಿರುಗಿಸಿದರೂ ಬೆಳಕು ದಂಡೆ ಮೀರದು. 1987ರಲ್ಲಿ ಸೋರೆಫ್ ಮತ್ತು ಬೆನೆಟ್ ಸಿಲಿಕಾನಿಗೆ ವಿದ್ಯುದಾವೇಶ ತುಂಬಿದರೆ ಬೆಳಕಿನ ನಡಿಗೆ ಎಷ್ಟು ಬದಲಾಗುತ್ತದೆಂದು ಲೆಕ್ಕ ಕಟ್ಟಿಕೊಟ್ಟರು. ಅಲ್ಲಿಗೆ ಬೆಳಕನ್ನು ಆರಿಸಿ ಹಚ್ಚಿ ಸುದ್ದಿ ಬರೆಯುವ ಕೀಲಿಯ ಸೂತ್ರ ಸಿಕ್ಕಂತಾಯಿತು. ಕೀಲಿ ಮಾತ್ರ ಬಹಳ ಮಂದ. 2004ಕ್ಕೆ ಮುಂಚೆ ಸೆಕೆಂಡಿಗೆ ಎರಡು ಕೋಟಿ ಸಲ ಆಡುತ್ತಿದ್ದುದೇ ಹೆಚ್ಚು. ಆ ವರ್ಷ ಇಂಟೆಲ್ ಸಂಸ್ಥೆಯವರು ನೂರು ಕೋಟಿಯನ್ನು ದಾಟಿಸಿದರು.

ಬೆಳಕನ್ನು ಕಾಣುವ ಕಣ್ಣೂ ಬೇಕಲ್ಲ. ಪಾರದರ್ಶಕವಾದ ಸಿಲಿಕಾನು ಆ ಬೆಳಕನ್ನು ಹಿಡಿಯದು. ಅದಕ್ಕೆ ಕರೆತಂದದ್ದು ಜರ್ಮೇನಿಯಮನ್ನು. ಮೊದಲ ಟ್ರಾನ್ಸಿಸ್ಟರೂ ಕಿಲ್ಬಿಯವರ ಮೊದಲ ಬಿಲ್ಲೆಯೂ ಜರ್ಮೇನಿಯಮಿನದೇ ಆಗಿದ್ದು, ಆಮೇಲೆ ಸಿಲಿಕಾನು ಅದನ್ನು ಮನೆಯಿಂದ ಹೊರಗೆ ಹಾಕಿತ್ತು. ಹೊರಹಾಕಿದ ಹಿರಿಯನನ್ನೇ ಕಣ್ಣು ಕಾಣದಾದಾಗ ಕೈಹಿಡಿದು ಕರೆದಂತಾಯಿತು ಇದು!

ದೀಪದ ಪ್ರಶ್ನೆ ಹಾಗೆಯೇ ಉಳಿದಿತ್ತು. ಇಲ್ಲಿ ನಮ್ಮವರೊಬ್ಬರ ಹೆಸರು ಬರುತ್ತದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟ ರಾಮನ್ ಕಂಡ ಪರಿಣಾಮ ನಿಮಗೆ ತಿಳಿದದ್ದೇ: ಪದಾರ್ಥದೊಳಗೆ ಹೊಕ್ಕ ಬೆಳಕು ಅಲ್ಲಿನ ಕಂಪನದೊಡನೆ ಕೊಡು-ಕೊಳ್ಳುವ ವ್ಯವಹಾರ ಮಾಡಿ, ಬೇರೊಂದು ಬಣ್ಣ ತಾಳಿ ಹೊರಬರುತ್ತದೆ. ಯಾವ ಕಂಪನ ಸಿಲಿಕಾನಿನ ಬೆಳಕಿಗೆ ತೊಡಕಾಗಿತ್ತೋ ಆ ಜಾತಿಯ ಕಂಪನವೇ ಇಲ್ಲಿ ಸಹಾಯಕ್ಕೆ ಬಂತು. ಗಾಜಿನ ಎಳೆಗಿಂತ ಸಿಲಿಕಾನಿನಲ್ಲಿ ರಾಮನ್ ಪರಿಣಾಮ ಸಾವಿರಾರು ಪಟ್ಟು ಪ್ರಬಲ. 2004ರಲ್ಲಿ ಲಾಸ್ ಏಂಜಲಿಸ್ ವಿಶ್ವವಿದ್ಯಾಲಯದ ಬಹ್ರಾಮ್ ಜಲಾಲಿ ಮತ್ತು ಓಜ್ದಲ್ ಬೊಯ್ರಾಜ್ ಅದನ್ನು ಆಧರಿಸಿ ಸಿಲಿಕಾನಿನಿಂದ ಲೇಸರನ್ನು ಪಡೆದರು. 2005ರಲ್ಲಿ ಇಂಟೆಲಿನವರು ಅದು ಎಡೆಬಿಡದೆ ಬೆಳಗುವಂತೆ ಮಾಡಿದರು. ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1970ರಲ್ಲಿ ಇಲ್ಲಿಯೇ ತೀರಿಕೊಂಡವರು. ಅವರು ಇಲ್ಲಿ ವರ್ಷಗಟ್ಟಲೆ ಒಲಿದು ಪರೀಕ್ಷಿಸಿದ ಹರಳು ವಜ್ರ. ಸಿಲಿಕಾನಿನ ಪರಮಾಣುಗಳ ಜೋಡಣೆ ಥೇಟು ವಜ್ರದ್ದೇ. ಆದರೂ ಸತ್ಯವನ್ನು ಹೇಳಬೇಕು: ರಾಮನ್ ಲೇಸರಿಗೆ ಉಣಿಸುವುದು ವಿದ್ಯುತ್ತನ್ನಲ್ಲ, ಇನ್ನೊಂದು ಲೇಸರಿನ ಬೆಳಕನ್ನು. ಒಂದು ಹಣತೆಯಿಂದ ಇನ್ನೊಂದನ್ನು ಹಚ್ಚಿದಂತೆ. ಮೊದಲನೆಯದನ್ನು ಹೊರಗಿನಿಂದ ತರಲೇಬೇಕು.

2006ರಲ್ಲಿ ಸ್ಯಾಂಟಾ ಬಾರ್ಬರಾದ ಜಾನ್ ಬೋವರ್ಸ್ ಮತ್ತು ಇಂಟೆಲಿನವರು ಕೂಡಿ, ಬೆಳೆಸುವ ಹಟವನ್ನೇ ಬಿಟ್ಟು ಅಂಟಿಸಿದರು. ಇಂಡಿಯಮ್ ಫಾಸ್ಫೈಡೆಂಬ ಬೆಳಗುವ ಹರಳಿನ ಪದರವನ್ನೂ ಸಿಲಿಕಾನನ್ನೂ ಸುಮಾರು 25 ಪರಮಾಣುಗಳಷ್ಟು ದಪ್ಪದ ಗಾಜಿನ ಗೋಂದಿನಿಂದ ಬೆಸೆದರೆ, ಮೇಲೆ ಹುಟ್ಟಿದ ಬೆಳಕು ಕೆಳಗಿನ ಸಿಲಿಕಾನ್ ಏರಿಗೆ ಇಳಿಯುತ್ತದೆ. ಛಂದಸ್ಸು ಕೂಡದ ಎರಡು ಪದ್ಯಗಳ ನಡುವೆ ಒಂದು ಸಾಲು ಗದ್ಯ ಹಾಕಿದಂತೆ. 2016ರಲ್ಲಿ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಬಿಟ್ಟುಗಳನ್ನು ಸಾಗಿಸುವ ಇಂಥ ಸಾಧನ ಮಾರಾಟಕ್ಕೆ ಬಂತು. ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಸಾವಿರಾರು ಗಣಕಗಳು ಒಂದಕ್ಕೊಂದು ಮಾತನಾಡುತ್ತಿರುತ್ತವೆ. ಆ ಮಾತು ತಾಮ್ರದ ತಂತಿಯಲ್ಲಿ ಹೋದರೆ ವೇಗ ಹೆಚ್ಚಿದಷ್ಟೂ ತಂತಿ ಕಾಯುತ್ತದೆ, ಸುದ್ದಿ ಸವೆಯುತ್ತದೆ. ಲೆಕ್ಕ ಮಾಡುವುದಕ್ಕಿಂತ ಲೆಕ್ಕವನ್ನು ಹೊತ್ತು ತಿರುಗುವುದಕ್ಕೇ ಹೆಚ್ಚು ವಿದ್ಯುತ್ತು ವ್ಯಯವಾಗುವ ಸಂದರ್ಭಗಳುಂಟು. ನಮ್ಮ ಊರಿನ ಪಂಪುಸೆಟ್ಟಿಗೆ ಸರದಿಯ ಮೇಲೆ ಕರೆಂಟು ಕೊಡುವ ಕಾಲದಲ್ಲಿ ಈ ವ್ಯಯ ಕಡಮೆಯಾಗುವುದು ಎಂಜಿನಿಯರುಗಳಿಗೆ ಮಾತ್ರ ಸೇರಿದ ಸಂಗತಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿಯೂ ಸಿಲಿಕಾನಿನಲ್ಲಿ ಬೆಳಕನ್ನು ಹರಿಸುವ ಸಂಶೋಧನೆ ನಡೆದಿದೆ.

ಮೇಲೆ ಹೇಳಿದವರಲ್ಲಿ ಮೂವರನ್ನು 2000ನೆಯ ಇಸವಿಯ ನೊಬೆಲ್ ಭೌತಶಾಸ್ತ್ರ ಪಾರಿತೋಷಕ ಒಂದೇ ವೇದಿಕೆಗೆ ತಂದಿತ್ತು: ಅರ್ಧ ಪಾಲು ಕಿಲ್ಬಿಯವರಿಗೆ, ಉಳಿದರ್ಧ ಅಲ್ಫೆರೋವ್ ಮತ್ತು ಕ್ರೋಮರರಿಗೆ. ನಾಯ್ಸ್ 1990ರಲ್ಲಿಯೇ ತೀರಿಕೊಂಡಿದ್ದರು. ವಿದ್ಯುತ್ತಿನ ಬಿಲ್ಲೆ ಮಾಡಿದವರೂ ಬೆಳಕಿನ ಪದರ ಕಟ್ಟಿದವರೂ ಹೀಗೆ ಪಕ್ಕಪಕ್ಕದಲ್ಲಿ ಕುಳಿತರು. ಅವರ ಕೃತಿಗಳು ಅಷ್ಟು ಹತ್ತಿರ ಕೂಡಲು ಇನ್ನೂ ಹದಿನೈದು ವರ್ಷ ಬೇಕಾದವು. 2015ರ ಕೊನೆಯಲ್ಲಿ ಎಂ.ಐ.ಟಿ., ಬರ್ಕಲಿ, ಕೊಲರಾಡೋಗಳ ಸಂಶೋಧಕರು ಸಾಧಾರಣ ಕಾರ್ಖಾನೆಯಲ್ಲಿಯೇ, ಅಲ್ಲಿನ ಕ್ರಮವನ್ನು ಬದಲಿಸದೆ, ಮೂರು ಮಿಲಿಮೀಟರು ಅಗಲ ಆರು ಮಿಲಿಮೀಟರು ಉದ್ದದ ಬಿಲ್ಲೆಯೊಂದನ್ನು ಮಾಡಿಸಿದರು. ಅದರಲ್ಲಿ ಏಳು ಕೋಟಿ ಟ್ರಾನ್ಸಿಸ್ಟರುಗಳು, 850 ಬೆಳಕಿನ ಅಂಗಗಳು. ಆ ಗಣಕದ ಮಿದುಳು ತನ್ನ ನೆನಪಿನ ಭಂಡಾರದೊಡನೆ ಬೆಳಕಿನಲ್ಲಿಯೇ ಮಾತನಾಡಿತು. ಲೇಸರು ಮಾತ್ರ ಬಿಲ್ಲೆಯ ಹೊರಗಿತ್ತು.

ಸಿಲಿಕಾನೇ ಬೆಳಗಬೇಕೆಂಬ ಆಸೆಯನ್ನು ಎಲ್ಲರೂ ಬಿಟ್ಟಿಲ್ಲ. 2020ರಲ್ಲಿ ಹಾಲೆಂಡಿನ ಐಂಡ್‌ಹೋವನ್ನಿನವರು ಜರ್ಮೇನಿಯಮನ್ನೂ ಸಿಲಿಕಾನನ್ನೂ ಬೆರೆಸಿ, ವಜ್ರದ ಜೋಡಣೆಯನ್ನು ತಪ್ಪಿಸಿ ಷಟ್ಕೋನದ ಜೋಡಣೆಯಲ್ಲಿ ಬೆಳೆಸಿದರು. ಅಟ್ಟದ ಕಿಂಡಿ ನೇರಕ್ಕೆ ಬಂತು. ಆ ಹರಳು ಬೆಳಗಿತು. ಅವರು ಕಂಡದ್ದು ಬೆಳಕನ್ನು, ಲೇಸರನ್ನಲ್ಲ. ಷಟ್ಕೋನದ ಆಕಾರ ಬರಿಸಲು ಅವರು ಅಚ್ಚಾಗಿ ಇಟ್ಟುಕೊಂಡಿದ್ದ ಕೂದಲೆಳೆಗಿಂತ ತೆಳ್ಳನೆಯ ಕಡ್ಡಿಗಳು ಗ್ಯಾಲಿಯಮ್ ಆರ್ಸೆನೈಡಿನವು.